ಬಿಸಿ ತೂಕ, ಆರಿದ ತೂಕ

ಅಂಕಿಅಂಶ ಕಚೇರಿಯಲ್ಲಿ ಯಾರ ಮೇಜಿಗೆ ಯಾವ ಪ್ರಾಣಿಯ ಲೆಕ್ಕ ಬರುತ್ತಿತ್ತೋ ಆ ಪ್ರಾಣಿಯೇ ಅವರಿಗೆ ಹೆಸರಾಗಿ ಅಂಟಿಕೊಳ್ಳುತ್ತಿತ್ತು. ಕಿಟಕಿಯ ಪಕ್ಕ ಕೂರುವವರು ಮೊಟ್ಟೆ ಮಾಸ್ತರು. ಗೋಡೆಗೆ ಬೆನ್ನು ಕೊಟ್ಟು ಕೂರುವ ಹಿರಿಯ ಗುಮಾಸ್ತೆ ಹಂದಿ ಅಕ್ಕ. ಎದುರಿಗೇ ಹಾಗೆ ಕರೆದರೂ ಆಕೆ ಬೇಸರ ಮಾಡಿಕೊಂಡವಳಲ್ಲ. ಗಂಡ ಬದುಕಿದ್ದಾಗ, "ಹಂದಿ ಜೊತೆ ದಿನವಿಡೀ ಒದ್ದಾಡೋನು ನಾನು, ಹೆಸರು ಮಾತ್ರ ನಿನಗೆ" ಎಂದು ನಗುತ್ತಿದ್ದ. ಅವನು ಕಸಾಯಿಖಾನೆಯಲ್ಲಿ ತೂಕದ ಮೇಲ್ವಿಚಾರಕ. ಅವನು ಅಲ್ಲಿ ತೂಗಿ ಕಳಿಸಿದ ಅಂಕಿ ಇಲ್ಲಿ ಅಕ್ಕನ ಮೇಜಿಗೆ ಬರುತ್ತಿತ್ತು. ಈಗ ಅವನಿಲ್ಲ. ಮಳೆಗಾಲಕ್ಕೆ ಮುಂಚೆ ದೇವರು ಅವನನ್ನು ಕರೆದುಕೊಂಡ. ಅಂಕಿಗಳು ಮಾತ್ರ ಎಂದಿನಂತೆ ಬರುತ್ತಲೇ ಇದ್ದವು.

ಆ ಸೋಮವಾರ ನಿರ್ದೇಶಕರು ಅವಳನ್ನು ಕರೆಸಿದರು. ಅವರು ಈ ಕಚೇರಿಗೆ ಹೊಸಬರು. ಮಾತು ಮೃದು, ಕೆಲಸ ಅವಸರ. ಮೇಜಿನ ಮೇಲೆ ಹಂದಿಮಾಂಸದ ಕೋಷ್ಟಕ ಹರಡಿತ್ತು.

"ಕೂತ್ಕೊಳ್ಳಿ ಅಮ್ಮಾ. ಈ ಸಾಲು ನೋಡಿ."

ಅದನ್ನು ಅಕ್ಕ ನೋಡಬೇಕಾಗಿಯೇ ಇರಲಿಲ್ಲ. ವರ್ಷದ ಮೊದಲಲ್ಲಿ ಶೈತ್ಯಾಗಾರದಲ್ಲಿದ್ದ ಮಾಂಸಕ್ಕೆ ಕಸಾಯಿಖಾನೆಯಲ್ಲಿ ಆದದ್ದನ್ನೂ ಹೊರಗಿನಿಂದ ಬಂದದ್ದನ್ನೂ ಕೂಡಿಸಬೇಕು. ಮಾರಿದ್ದನ್ನೂ ಹೊರಗೆ ಕಳಿಸಿದ್ದನ್ನೂ ಕಳೆಯಬೇಕು. ಉಳಿದದ್ದು ವರ್ಷದ ಕೊನೆಗೆ ಶೈತ್ಯಾಗಾರದಲ್ಲಿ ಇರಬೇಕು. ಎಂದೂ ಸರಿಯಾಗಿ ಇರುವುದಿಲ್ಲ. ಆ ಹೆಚ್ಚುಕಮ್ಮಿಯನ್ನು ಬರೆಯಲು ಕೋಷ್ಟಕದ ಬುಡದಲ್ಲಿ 'ವ್ಯತ್ಯಾಸ' ಎಂಬ ಸಾಲು. ಹಳೆಯ ಕಾಲದಲ್ಲಿ ಅದು ಒಂದು ವರ್ಷ ಚೂರು ಹೆಚ್ಚು, ಮರುವರ್ಷ ಚೂರು ಕಡಿಮೆ ಇರುತ್ತಿತ್ತು. ಒಂಬತ್ತು ವರ್ಷದಿಂದ ಬರೀ ಕಡಿಮೆ. ನೂರು ಕಿಲೋ ತೂಗಿದ ಕಡೆ ಎರಡು ಕಿಲೋ ಕಾಣೆ. ಕೊನೆಯ ಎರಡು ವರ್ಷ ಮೂರು ಕಿಲೋ.

"ಒಂದು ವರ್ಷ ತಪ್ಪಿದ್ರೆ ಕೈತಪ್ಪು ಅನ್ನಬಹುದು," ಎಂದರು ನಿರ್ದೇಶಕರು. "ಒಂಬತ್ತು ವರ್ಷ ಒಂದೇ ಕಡೆಗೆ ವಾಲಿದ್ರೆ ಮೇಲಿನವರು ಸುಮ್ನಿರ್ತಾರಾ? ಮಾಂಸಕ್ಕೆ ಕಾಲು ಬಂತಾ ಅಂತ ಕೇಳ್ತಾರೆ. ಶುಕ್ರವಾರದೊಳಗೆ ಈ ಸಾಲು ಸೊನ್ನೆ ಆಗ್ಬೇಕು. ಷರಾ ಕಾಲಂನಲ್ಲಿ ಒಂದು ಮಾತು ಬರೀರಿ. ತೂಕದ ಮೇಲ್ವಿಚಾರಣೆಯಲ್ಲಿ ಲೋಪ. ಕಾಣೆಯಾದದ್ದನ್ನ ಅದರ ತಲೆಗೆ ಕಟ್ಟಿ. ಮುಗೀತು."

"ಆ ಒಂಬತ್ತು ವರ್ಷ ತೂಕ ನೋಡ್ಕೊಂಡಿದ್ದು ನಮ್ಮ ಯಜಮಾನ್ರು ಸಾರ್."

"ಗೊತ್ತಮ್ಮಾ. ಅದಕ್ಕೇ ಹೇಳ್ತಿರೋದು. ಬದುಕಿರೋರ ಮೇಲೆ ಬರೆದ್ರೆ ನೋಟಿಸು, ವಿಚಾರಣೆ, ಕೋರ್ಟು. ಇದಾದ್ರೆ ಯಾರಿಗೂ ತೊಂದ್ರೆ ಇಲ್ಲ."

ಅವರು ಕೆಡುಕಿನಿಂದ ಹೇಳಿದ ಮಾತಲ್ಲ ಅದು. ಟೀ ತರಿಸಲೇ ಎಂದೂ ಕೇಳಿದರು. ಅಕ್ಕ ಬೇಡವೆಂದು ಕೋಷ್ಟಕ ಎತ್ತಿಕೊಂಡು ಎದ್ದಳು.

ಮೊಟ್ಟೆ ಮಾಸ್ತರು ಅವಳ ಮುಖ ನೋಡಿಯೇ ವಿಷಯ ತಿಳಿದುಕೊಂಡರು. ವಯಸ್ಸಿನಲ್ಲಿ ಹಿರಿಯರಾದರೂ ಅವಳನ್ನು ಅಕ್ಕ ಎಂದೇ ಕರೆಯುವ ಮನುಷ್ಯ.

"ನನ್ನ ಮೊಟ್ಟೆ ನೋಡಕ್ಕ. ಲೆಕ್ಕ ತಪ್ಪಿದ್ದನ್ನೆಲ್ಲ ಒಡೆದುಹೋಯ್ತು ಅಂತ ಬರೀತೀನಿ. ಇಷ್ಟು ವರ್ಷದಲ್ಲಿ ಒಂದು ಕೋಳಿ ಕೂಡ ಬಂದು ಆಕ್ಷೇಪ ಎತ್ತಿಲ್ಲ."

"ನಿಮ್ಮ ಮೊಟ್ಟೆಗೆ ಗಂಡ ಇದ್ದನಾ ಮಾಸ್ತರೇ, ಹೆಸರು ಕೆಡೋದಕ್ಕೆ?"

ಮಾಸ್ತರು ಕನ್ನಡಕ ತೆಗೆದು ಒರೆಸಿದರು. "ಒಂದು ಸಾಲು ಅಕ್ಕ. ಬರೆದು ಕೈ ತೊಳ್ಕೋ. ಯಾರು ಓದ್ತಾರೆ ಇದನ್ನ?"

"ನಾನು ಓದ್ತೀನಲ್ಲ," ಎಂದಳು ಅಕ್ಕ.

ಮನೆಯಲ್ಲಿ ಅತ್ತೆ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕುಳಿತಿದ್ದಳು. ಎರಡನೆಯ ಮಹಡಿಯ ಎರಡು ಕೋಣೆಯ ಮನೆ. ಬಾಗಿಲು ತೆರೆದರೆ ಮೆಟ್ಟಿಲು, ಮೆಟ್ಟಿಲ ಮೇಲೆ ಓಡಾಡುವವರ ಚಪ್ಪಲಿ. ಆ ಚಪ್ಪಲಿಗಳಿಂದಲೇ ಅತ್ತೆಗೆ ಊರ ಸುದ್ದಿಯೆಲ್ಲ ಸಿಗುತ್ತಿತ್ತು.

"ಕೆಳಗಿನ ಮನೆಯವಳು ಏನೋ ಅಂದ್ಲು," ಎಂದಳು ಅತ್ತೆ. "ಕಸಾಯಿಖಾನೆ ಲೆಕ್ಕದಲ್ಲಿ ಮಾಂಸ ಕಡಿಮೆ ಬಂದಿದ್ಯಂತೆ. ನನ್ನ ಮಗನ ಕಾಲದಲ್ಲಂತೆ. ಅವನೇನು ಅದನ್ನ ಹೊತ್ಕೊಂಡು ಹೋದ್ನಾ?"

"ಯಾರೋ ಏನೋ ಅಂತಾರೆ ಅತ್ತೆ. ನಾನಿದೀನಲ್ಲ, ನೋಡ್ಕೋತೀನಿ."

"ನೋಡ್ಕೋ ಮತ್ತೆ. ನಿನ್ನ ಕೈಯಲ್ಲೇ ಇರೋ ಲೆಕ್ಕ ಅದು."

ಆ ಮಾತು ಮುಳ್ಳಿನಂತೆ ಚುಚ್ಚಿತು. ಕೈಯಲ್ಲಿದ್ದೂ ಕೈಗೆ ಸಿಗದ ಲೆಕ್ಕ. ತಲೆ ಚಿಟ್ಟುಹಿಡಿದು, ಬೇರೆ ಏನಾದರೂ ಮಾಡೋಣವೆಂದು ಅಕ್ಕ ಗಂಡನ ಬಟ್ಟೆಯ ಟ್ರಂಕು ಎಳೆದಳು. ತಿಂಗಳುಗಳಿಂದ ಮುಂದೂಡಿದ್ದ ಕೆಲಸ. ಅಂಗಿಗಳ ತಳದಲ್ಲಿ ಉಣ್ಣೆಯ ಟೋಪಿಯೊಂದು ಸಿಕ್ಕಿತು. ಮದುವೆಯಾದ ಹೊಸದರಲ್ಲಿ ಅದನ್ನು ಅವಳೇ ಹೆಣೆದಿದ್ದಳು. ಆಗ ತೂಕದ ಯಂತ್ರ ಇದ್ದದ್ದು ಶೀತದ ಕೋಣೆಯ ಒಳಗೆ. ಬೇಸಿಗೆಯಲ್ಲೂ ಅವನ ಕಿವಿ ಮರಗಟ್ಟುತ್ತಿತ್ತು.

"ಇದನ್ನ ಯಾವಾಗ ಬಿಟ್ರು ಅತ್ತೆ? ನನಗೆ ನೆನಪೇ ಇಲ್ಲ."

"ಮೇಲ್ವಿಚಾರಕ ಆದ ವರ್ಷ. ದೊಡ್ಡ ಸಾಹೇಬ ಆದ್ಯಾ, ಹೆಂಡತಿ ಹೆಣೆದ ಟೋಪಿ ಬೇಡವಾಯ್ತಾ ಅಂತ ಬೈದೆ ನಾನು. ಈಗ ಚಳಿ ಆಗಲ್ಲಮ್ಮ ಅಂದ."

ಅಕ್ಕ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡಳು. ತೂಕ ನೋಡುವವನಿಗೆ ಚಳಿಯಾಗಲಿಲ್ಲವೆಂದರೆ ತೂಕದ ಯಂತ್ರ ಚಳಿಯೊಳಗೆ ಇರಲಿಲ್ಲ.

ಮರುದಿನ ರಜೆ ಹಾಕಿ ಕಸಾಯಿಖಾನೆಗೆ ಹೋದಳು. ಅಲ್ಲಿ ಈಗಿನ ಮೇಲ್ವಿಚಾರಕ ಅವಳ ಗಂಡನ ಕೈಕೆಳಗೆ ಪಳಗಿದವನು. ಅವಳನ್ನು ಕಂಡು ಏಪ್ರನ್ನಿಗೆ ಕೈ ಒರೆಸಿಕೊಳ್ಳುತ್ತಾ ಬಂದ.

"ಬನ್ನಿ ಅತ್ತಿಗೆ. ಇಲ್ಲಿ ನೆಲ ಜಾರುತ್ತೆ, ನಿಧಾನ."

ಎರಡು ಹೋಳಾಗಿ ಸೀಳಿದ ಹಂದಿಗಳು ಕೊಕ್ಕೆಗೆ ಜೋತುಬಿದ್ದು ಕಂಬಿಯ ಮೇಲೆ ಸಾಲಾಗಿ ಬರುತ್ತಿದ್ದವು. ಮೈಯಿಂದ ಇನ್ನೂ ಹಬೆ ಏಳುತ್ತಿತ್ತು. ಒಂದೊಂದೂ ಯಂತ್ರದ ಕೆಳಗೆ ಕ್ಷಣ ನಿಂತು, ತೂಕ ಕೊಟ್ಟು, ದಪ್ಪ ಬಾಗಿಲು ದಾಟಿ ಶೀತದ ಕೋಣೆಗೆ ಹೋಗುತ್ತಿತ್ತು.

"ಈ ಯಂತ್ರ ಮೊದಲು ಒಳಗಿತ್ತಲ್ಲವಾ?"

"ಅದು ಹಳೇದು. ಒಳಗೆ ಒಂದು ರಾತ್ರಿ ಆರಿದ ಮೇಲೆ ತೂಗ್ತಿದ್ವಿ. ಹೊಸದು ಬಂದಾಗ ಒಳಗಿನ ತೇವಕ್ಕೆ ತಂತಿ ಕೆಡುತ್ತೆ ಅಂತ ಹೊರಗೆ ಕೂರಿಸಿದ್ರು. ಅಣ್ಣ ಮೇಲ್ವಿಚಾರಕರಾದ ವಾರವೇ."

"ಬಿಸಿಯಾಗಿ ತೂಗಿದ್ದು ಆರಿದ ಮೇಲೆ ಅಷ್ಟೇ ಇರುತ್ತಾ?"

ಅವನು ನಕ್ಕ. "ಒದ್ದೆ ಬಟ್ಟೆ ಒಣಗಿದ ಮೇಲೆ ಅಷ್ಟೇ ಭಾರ ಇರುತ್ತಾ ಅತ್ತಿಗೆ? ಅದನ್ನ ನಮ್ಮನ್ನ ಯಾರೂ ಕೇಳಲಿಲ್ಲ. ಎಷ್ಟು ತೂಗ್ತು ಅಂತ ಕೇಳಿದ್ರು, ಹೇಳಿದ್ವಿ."

ಶೈತ್ಯಾಗಾರದವರು ತೂಗುವುದು ಆರಿದ ಮಾಂಸ. ಅಂಗಡಿಯವರು ತೂಗುವುದೂ ಆರಿದ ಮಾಂಸ. ಇಲ್ಲಿ ಮಾತ್ರ ಬಿಸಿ. ಅಕ್ಕ ಹತ್ತು ಹೋಳುಗಳಿಗೆ ಚೀಟಿ ಕಟ್ಟಿಸಿ ತೂಕ ಬರೆಸಿಕೊಂಡಳು. ಮರುದಿನ ಬೆಳಿಗ್ಗೆ ಅವನ್ನೇ ಹೊರಗೆ ತರಿಸಿ ಮತ್ತೆ ತೂಗಿಸಿದಳು. ನೂರಕ್ಕೆ ಎರಡು ಕಿಲೋ ಕಡಿಮೆ. ಅವಳಿಗೆ ಅಲ್ಲಿಯೇ ಕೈಮುಗಿಯಬೇಕೆನಿಸಿತು. ಆ ರಕ್ತದ ನೆಲದಲ್ಲಿ ದೇವರ ಹೆಸರೆತ್ತಲು ಹಿಂಜರಿದು, ಬೀದಿಗೆ ಬಂದು ಗೇಟಿನ ಹೊರಗೆ ಕಣ್ಣುಮುಚ್ಚಿ ನಿಂತಳು.

ಬಸ್ಸಿನಲ್ಲಿ ಕುಳಿತ ಮೇಲೆ ಸಂತೋಷ ಇಳಿಯಿತು. ಎರಡು ಕಿಲೋ ಸಿಕ್ಕಿತು. ಕೊನೆಯ ಎರಡು ವರ್ಷದ ಮೂರನೆಯ ಕಿಲೋ? ಆ ಎರಡು ವರ್ಷ ಅವನಿಗೆ ಕಾಯಿಲೆ. ವಾರಕ್ಕೆರಡು ದಿನ ಆಸ್ಪತ್ರೆ. ಕೆಲಸಕ್ಕೆ ಹೋದ ದಿನವೂ ಮಧ್ಯಾಹ್ನವೇ ಬಣ್ಣಗೆಟ್ಟು ಮನೆಗೆ ಬರುತ್ತಿದ್ದ. ಆಗ ಯಾರು ತೂಗಿದರೋ, ಏನು ಬರೆದರೋ. ತಪ್ಪು ಅವನದೇ ಇರಬಹುದೇ ಎಂಬ ಯೋಚನೆ ಒಂದು ಸಲ ಬಂದು ಹೋಯಿತು. ಬಂದದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಸಂಜೆ ದೇವರ ಮುಂದೆ ದೀಪ ಹಚ್ಚಿ, "ಎರಡು ತೋರಿಸಿದವನಿಗೆ ಮೂರನೆಯದು ತೋರಿಸೋಕೆ ಏನು ಕಷ್ಟ?" ಎಂದು ಕೇಳಿದಳು. ಮರುದಿನವಿಡೀ ಶೈತ್ಯಾಗಾರಕ್ಕೆ, ಲಾರಿಯವರ ಬಳಿಗೆ, ಅಂಗಡಿಗಳಿಗೆ ಅಲೆದಳು. ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸಿದರು. ಮೂರನೆಯ ಕಿಲೋ ಯಾರ ಹತ್ತಿರವೂ ಇರಲಿಲ್ಲ.

ಶುಕ್ರವಾರ ನಿರ್ದೇಶಕರು ಅವಳ ಮಾತನ್ನು ಪೂರ್ತಿ ಕೇಳಿದರು. ಹತ್ತು ಹೋಳುಗಳ ತೂಕದ ಕಾಗದವನ್ನೂ ಓದಿದರು. ಅವಳಿಗೆ ಆಸೆ ಚಿಗುರಿತು.

"ಚೆನ್ನಾಗಿದೆ ಅಮ್ಮಾ. ಆದ್ರೆ ಇದನ್ನ ಒಪ್ಪಿದ್ರೆ ಒಂಬತ್ತು ವರ್ಷ ಅಚ್ಚಾದ ಉತ್ಪಾದನೆಯ ಅಂಕಿ ಎಲ್ಲಾ ತಪ್ಪು ಅಂತಾಗುತ್ತೆ. ಅದಕ್ಕೆ ಸಹಿ ಹಾಕಿದೋರು ಈಗ ನನ್ನ ಮೇಲೆ ಕೂತಿದಾರೆ."

"ತಪ್ಪು ತಾನೇ ಸಾರ್ ಅದು?"

"ತಪ್ಪೇ. ಹಾಗಂತ ಹೇಳೋಕಾಗುತ್ತಾ?" ಅವರು ಕಾಗದವನ್ನು ಅವಳ ಕಡೆ ಸರಿಸಿದರು. "ಹೋಗಲಿ, ಎರಡು ಕಿಲೋ ನೀರಾಗಿ ಆರಿಹೋಯ್ತು ಅನ್ನಿ. ಇನ್ನೊಂದು ಕಿಲೋ? ಅದೂ ಆರಿತಾ? ನಿಮ್ಮ ಯಜಮಾನ್ರು ಮನೆಗೆ ತರ್ತಿದ್ರಾ?"

ತಮಾಷೆಗೆಂದೇ ಆಡಿದ ಮಾತು. ಆಡಿದ ಮೇಲೆ ಅವರಿಗೇ ಕಸಿವಿಸಿಯಾಗಿ ಕಿಟಕಿಯ ಕಡೆ ತಿರುಗಿದರು. ಅಕ್ಕನ ಕಿವಿ ಬಿಸಿಯಾಯಿತು. ಅಳು ಬರಲಿಲ್ಲ, ಬಂದಿದ್ದರೆ ಹಗುರಾಗುತ್ತಿತ್ತೇನೋ.

"ಕೊನೆಯ ಎರಡು ವರ್ಷ ಅವರಿಗೆ ಗಂಜಿ ಬಿಟ್ಟು ಬೇರೇನೂ ಹಿಡಿಸ್ತಿರಲಿಲ್ಲ ಸಾರ್," ಎಂದಳು. "ಆ ಒಂದು ಕಿಲೋ ಎಲ್ಲಿ ಹೋಯ್ತೋ ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೀತೀನಿ."

"ಗೊತ್ತಿಲ್ಲ ಅಂತ ಯಾರಾದ್ರೂ ಕೋಷ್ಟಕದಲ್ಲಿ ಬರೀತಾರಾ?"

"ಗೊತ್ತಿಲ್ಲದೋರು ಬರೀಬೇಕು."

"ನಿಮಗೆ ಆಗಲ್ಲ ಅಂದ್ರೆ ಮೊಟ್ಟೆಯವರ ಕೈಲಿ ಬರೆಸ್ತೀನಿ."

"ಬರೆಸಿ. ಹಂದಿ ಲೆಕ್ಕಕ್ಕೆ ಸಹಿ ನನ್ನದಾಗ್ಬೇಕು. ನಾನು ಹಾಕಲ್ಲ."

ಹಾಗೆ ಹೇಳಿ ಹೊರಗೆ ಬಂದು ತನ್ನ ಮೇಜಿಗೆ ಕುಳಿತಳು. ಇಷ್ಟು ವರ್ಷದ ಚಾಕರಿಯಲ್ಲಿ ಮೇಲಿನವರಿಗೆ ಎದುರು ಮಾತಾಡಿದ್ದು ಇದೇ ಮೊದಲು. ಸ್ವಲ್ಪ ಹೊತ್ತಿಗೆ ಮೊಟ್ಟೆ ಮಾಸ್ತರು ನಿರ್ದೇಶಕರ ಕೋಣೆಗೆ ಹೋಗಿಬಂದು ಒಂದು ಲೋಟ ನೀರು ತಂದಿಟ್ಟರು. "ನನ್ನ ಕರೆದಿದ್ರು ಅಕ್ಕ. ಹಂದಿ ವಿಷಯ ನನಗೆ ತಲೆಬುಡ ತಿಳಿಯಲ್ಲ, ಒಡೆದುಹೋಯ್ತು ಅಂತ ಬರೆದುಬಿಡ್ತೀನಿ ಅಂದೆ. ಎದ್ದು ಹೋಗಿ ಅಂದ್ರು."

ಅಕ್ಕ ಆ ದಿನವೆಲ್ಲ ಕುಳಿತು ಒಂಬತ್ತು ವರ್ಷವನ್ನೂ ಹೊಸದಾಗಿ ಬರೆದಳು. ಪ್ರತಿ ವರ್ಷದ ಬಿಸಿ ತೂಕದಿಂದ ನೂರಕ್ಕೆ ಎರಡು ತೆಗೆದಳು. ಏಳು ವರ್ಷದ ವ್ಯತ್ಯಾಸ ಮೊದಲಿನ ಹಾಗೆ ಅತ್ತ ಚೂರು ಇತ್ತ ಚೂರು ಆಯಿತು. ಕೊನೆಯ ಎರಡು ವರ್ಷದ ಸಾಲು ಬಾಯಿ ತೆರೆದೇ ಉಳಿಯಿತು. ಅದರ ಎದುರು 'ಕಾರಣ ತಿಳಿದಿಲ್ಲ' ಎಂದು ಬರೆದು ಸಹಿ ಹಾಕಿದಳು. ಗಡುವು ಮುಗಿಯುತ್ತಾ ಬಂದಿದ್ದರಿಂದ ನಿರ್ದೇಶಕರು ಮುಖ ಗಂಟಿಕ್ಕಿಕೊಂಡು ಅದನ್ನೇ ಕಳಿಸಿದರು. "ಮುಂದಿನದು ನಿಮ್ಮ ತಲೆ ಮೇಲೆ," ಎಂದರು.

ಮುಂದಿನ ವಾರ ಮೇಲಿನ ಕಚೇರಿಯಿಂದ ಕೋಷ್ಟಕ ವಾಪಸು ಬಂತು. ಕೆಂಪು ಪೆನ್ಸಿಲಿನಲ್ಲಿ 'ಸೊನ್ನೆ ಮಾಡಿ ಕಳುಹಿಸಿ' ಎಂದಿತ್ತು. ಅಕ್ಕ ಹಾಗೆಯೇ ಮರಳಿ ಕಳಿಸಿದಳು. ಅದು ಮತ್ತೆ ಬಂತು. ಅವಳು ಮತ್ತೆ ಕಳಿಸಿದಳು. ಕೊನೆಗೆ ಅಲ್ಲಿಯ ಯಾರಿಗೋ ಬೇಸರವಾಗಿರಬೇಕು. ಒಂಬತ್ತು ವರ್ಷದ ತಿದ್ದುಪಡಿಯನ್ನು ಬಿಟ್ಟು, ಷರಾ ಕಾಲಂ ಪೂರ್ತಿ ತೆಗೆದುಹಾಕಿ, ಹಳೆಯ ಅಂಕಿಗಳನ್ನೇ ವ್ಯತ್ಯಾಸ ಸಮೇತ ಅಚ್ಚು ಹಾಕಿದರು. ಹತ್ತು ಹೋಳುಗಳ ತೂಕ ಯಾವ ಕಡತಕ್ಕೆ ಹೋಯಿತೋ. ಅಕ್ಕನಿಗೆ ಹಂದಿಯ ಲೆಕ್ಕ ಕೈತಪ್ಪಿ ಮೇವಿನ ಲೆಕ್ಕ ಬಂತು. ಎಲ್ಲರೂ ಇನ್ನೂ ಹಂದಿ ಅಕ್ಕ ಎಂದೇ ಕರೆಯುತ್ತಿದ್ದರು.

ಅಚ್ಚಾದ ಪುಸ್ತಕವನ್ನು ಅವಳು ಒಂದು ದಿನಕ್ಕೆಂದು ಮನೆಗೆ ತಂದಳು. ಅತ್ತೆಗೆ ಕಣ್ಣು ಮಂಜು. ಪುಟವನ್ನು ಬೆಳಕಿಗೆ ಹಿಡಿದು ತೋರಿಸಿದಳು.

"ನೋಡಿ ಅತ್ತೆ. ಇಲ್ಲೆಲ್ಲೂ ಅವರ ಮೇಲೆ ಒಂದು ಮಾತೂ ಇಲ್ಲ. ಕೆಳಗಿನ ಮನೆಯವಳಿಗೆ ಹೇಳಿಬಿಡಿ. ಅವರ ಹೆಸರೇ ಇಲ್ಲ ಇದರಲ್ಲಿ."

ಅತ್ತೆ ಸುಕ್ಕುಗಟ್ಟಿದ ಬೆರಳನ್ನು ಅಂಕಿಗಳ ಮೇಲೆ ಮೇಲಿನಿಂದ ಕೆಳಕ್ಕೆ ಆಡಿಸಿದಳು. ಸಂತೋಷವಾದೀತೆಂದು ಅಕ್ಕ ಅವಳ ಮುಖವನ್ನೇ ನೋಡುತ್ತಿದ್ದಳು.

"ಹೆಸರೇ ಇಲ್ವಾ?" ಎಂದಳು ಅತ್ತೆ. "ಅಷ್ಟು ವರ್ಷ ನಿಂತು ತೂಗಿದಾನೆ. ಇಷ್ಟು ದಪ್ಪ ಪುಸ್ತಕದಲ್ಲಿ ನನ್ನ ಮಗನ ಹೆಸರು ಒಂದು ಕಡೇನೂ ಹಾಕಲಿಲ್ವಾ ನೀನು?"

ಅಕ್ಕ ಪುಸ್ತಕ ಮುಚ್ಚಿ ಟ್ರಂಕಿನ ಮೇಲಿಟ್ಟಳು. ಅಲ್ಲೇ ಇದ್ದ ಉಣ್ಣೆಯ ಟೋಪಿಯನ್ನು ತಂದು ಅತ್ತೆಯ ತಲೆಗೆ ಹಾಕಿ, ಕಿವಿ ಮುಚ್ಚುವಂತೆ ಕೆಳಕ್ಕೆ ಎಳೆದಳು.

"ಬಾಗಿಲಲ್ಲಿ ಗಾಳಿ ಬರುತ್ತೆ ಅತ್ತೆ," ಎಂದಳು. "ಒಳಗೆ ಬನ್ನಿ."