ದೀಪದ ಹೊತ್ತಿನ ಕೂಗು

ದಂಡಿಗೆ ಆಳು ಸೇರಿಸಲು ಬಂದಿದ್ದ ಜಮಾದಾರನ ಅಳತೆಪಟ್ಟಿ ಚಿಕ್ಕಯ್ಯನ ಎದೆಯನ್ನು ಒಂದು ಸುತ್ತು ಬಂದು ನಿಂತಿತು. "ಉಸಿರು ಎಳ್ಕೊ," ಎಂದ ಅವನು. ಚಿಕ್ಕಯ್ಯ ಎಳೆದುಕೊಂಡ. ಚಾವಡಿಯ ಕೆಳಗೆ ನಿಂತಿದ್ದ ಊರಿನವರೂ ತಮ್ಮದೇ ಎದೆ ಅಳೆಯುತ್ತಿರುವ ಹಾಗೆ ಉಸಿರು ಬಿಗಿಹಿಡಿದರು. ಹಿಂದೆ, ಹುಣಸೆಮರದ ಬುಡದಲ್ಲಿ, ಅವನ ಹೆಂಡತಿ ಮುದ್ದಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು.

ಜರ್ಮನಿಯ ಯುದ್ಧ ಶುರುವಾಗಿ ಮೂರು ವರ್ಷವಾಗಿತ್ತು. ಊರಿಗೊಬ್ಬನನ್ನಾದರೂ ದಂಡಿಗೆ ಕೊಡಿ ಎಂದು ಚನ್ನರಾಯಪಟ್ಟಣದ ಸುತ್ತಿನ ಪಟೇಲರಿಗೆಲ್ಲ ಮೇಲಿನಿಂದ ಮಾತು ಬಂದಿತ್ತು. ಬಲವಂತವೇನೂ ಇಲ್ಲ ಎಂದು ಅದರ ಜೊತೆಗೇ ಹೇಳಿದ್ದರು. ಅದನ್ನು ಮತ್ತೆ ಮತ್ತೆ ಹೇಳಿಸಿಕೊಂಡ ಪಟೇಲ ಪಂಚಾಕ್ಷರಯ್ಯನಿಗೆ ಒಳಗಿನ ಬಲವಂತ ಅರ್ಥವಾಗದೆ ಇರಲಿಲ್ಲ. ಅವನ ಮನೆಯಲ್ಲಿ ಪಾಲಾಕ್ಷ ಎಂಬ ಹರೆಯದ ಮಗನಿದ್ದ. ಊರಿನ ಮಿಕ್ಕ ಮನೆಗಳಲ್ಲೂ ಅಂಥ ಮಕ್ಕಳಿದ್ದರು. ಎಲ್ಲರ ಕಣ್ಣೂ ಊರೆಲ್ಲ ಸುತ್ತಾಡಿ ಕೊನೆಗೆ ಬಂದು ಕೂತದ್ದು ಚಿಕ್ಕಯ್ಯನ ಮೇಲೆ.

ಅವನು ಪಟೇಲನ ಮನೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದವನು. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುತ್ತಿದ್ದ. ಒಮ್ಮೆ ಅದೇ ಅಟ್ಟದಿಂದ ಒಂದು ಮೂಟೆ ಕೊಬ್ಬರಿ ಇಳಿಸಿಕೊಂಡು ಹೋಗಿ ಸಂತೆಯಲ್ಲಿ ಮಾರಿದ. ಸಿಕ್ಕಿಬಿದ್ದು ಹಾಸನದ ಜೈಲಿಗೆ ಹೋದ. ವಾಪಸು ಬಂದಂದಿನಿಂದ ತಳವಾರ ದ್ಯಾವಯ್ಯ ದಿನಾ ದೀಪ ಹಚ್ಚುವ ಹೊತ್ತಿಗೆ ಅವನ ಬಾಗಿಲ ಮುಂದೆ ದೊಣ್ಣೆ ಕುಟ್ಟಿ, "ಚಿಕ್ಕಯ್ಯಾ, ಇದ್ದೀಯೇನ್ಲಾ?" ಎಂದು ಕೂಗುತ್ತಿದ್ದ. ಒಳಗಿನಿಂದ "ಇವ್ನಿ ಕಣಣ್ಣ" ಎಂದು ಉತ್ತರ ಬರಬೇಕು. ಬರದಿದ್ದರೆ ಮಾರನೆಯ ದಿನ ಠಾಣೆ. ಬಾಯಲ್ಲಿ ತುತ್ತಿದ್ದರೂ ಸರಿ, ಜ್ವರ ಬಂದು ಮಲಗಿದ್ದರೂ ಸರಿ.

ಆ ಕೂಗು ಕೇಳಿದರೆ ಮುದ್ದಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು. ಗಂಡನನ್ನು ಕಳ್ಳ ಎಂದವರ ಜೊತೆ ಅವಳು ಬೀದಿಯಲ್ಲಿ ನಿಂತು ಜಗಳವಾಡಿದ್ದಳು, ಹಾಗೆಂದ ನೆರೆಮನೆಯ ಸಣ್ಣಕ್ಕನ ಕೊಡವನ್ನೇ ಒಡೆದುಹಾಕಿದ್ದಳು. ಆ ಕೊಬ್ಬರಿಯ ದುಡ್ಡಿನ ಅನ್ನವನ್ನು ತಾನೂ ಉಂಡಿದ್ದೆ ಎನ್ನುವುದು ಅವಳಿಗೆ ಗೊತ್ತಿಲ್ಲದ್ದೇನಲ್ಲ.

ಹಿಂದಿನ ದಿನ ಪಟೇಲ ಚಿಕ್ಕಯ್ಯನನ್ನು ಕರೆಸಿದ್ದ. "ಜೈಲು ಕಂಡವ್ರನ್ನ ದಂಡಿಗೆ ತಕಳಾಕಿಲ್ವಂತೆ. ನೀನು ಒಳ್ಳೇವ್ನು ಅಂತ ನಾನು ಹೇಳ್ತೀನಿ. ನೀನೂ ಅಂಗೇ ಅನ್ನು. ಒಲ್ಲೆ ಅಂದ್ರೆ ನಿನ್ನಿಷ್ಟ ಕಣ್ಲಾ. ಊರಾಗೆ ಯಾರ ಕಾಯಿ ಕಳದ್ರೂ ಮೊದ್ಲು ಯಾರ್ನ ಕೇಳ್ತಾರೆ ಅಂತ ನಿಂಗೇ ಗೊತ್ತಲ್ಲ."

ಮನೆಗೆ ಬಂದು ಹೇಳಿದಾಗ ಮುದ್ದಮ್ಮ, "ಓಗ್ಬ್ಯಾಡ," ಎಂದಳು.

"ಇಲ್ಲಿದ್ದು ಏನ್ ಮಾಡ್ಲಿ? ದಿನಾ ಇವ್ನಿ ಇವ್ನಿ ಅನ್ಕಂಡು ಸಾಯಾದಾ?"

"ರಂಗಸ್ವಾಮಣ್ಣನ ಮಗ ದಂಡ್ನಾಗೆ ಸಿಂಗಾಪುರ್ಕೋದೋನು ಬಂದ್ನಾ? ನೀನು ಬತ್ತೀಯಾ?"

ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

ಈಗ ಜಮಾದಾರ ಪಟ್ಟಿ ಸುತ್ತಿ ಜೇಬಿಗಿಟ್ಟುಕೊಂಡ. "ಆಳು ಗಟ್ಟಿ ಇದ್ದಾನೆ. ಕೇಸು ಗೀಸು ಏನಾದ್ರೂ ಇದೆಯಾ ಪಟೇಲ್ರೆ? ಅಂಥವರು ನಮಗೆ ಬೇಡ."

"ಶಿವಶಿವಾ! ಇನ್ನೊಬ್ರ ಹುಲ್ಲುಕಡ್ಡಿ ಮುಟ್ದೋನಲ್ಲ ಸಾ," ಎಂದ ಪಂಚಾಕ್ಷರಯ್ಯ. ಕೋರ್ಟಿನಲ್ಲಿ ಬೆರಳು ತೋರಿಸಿ ಇವನೇ ಕಳ್ಳ ಎಂದಿದ್ದೂ ಅದೇ ಬಾಯಿ.

ಮುದ್ದಮ್ಮ ಜನರನ್ನು ತಳ್ಳಿಕೊಂಡು ಮುಂದೆ ಬಂದಳು. "ಸುಳ್ಳು ಸಾ! ಒಂದು ಮೂಟೆ ಕೊಬ್ಬರಿ ಕದ್ದು ಆಸನದ್ ಜೈಲ್ಗೋಗಿದ್ದ. ಅವ್ನು ಬ್ಯಾಡ ನಿಮ್ಗೆ. ಕಳ್ಳ ಸಾ ಅವ್ನು, ಕಳ್ಳ!"

ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅವಳೇ ಅವರ ಜುಟ್ಟು ಹಿಡಿಯುತ್ತಿದ್ದಳು.

"ಗಂಡ ಓಯ್ತಾನಲ್ಲ ಅಂತ ಸಂಕ್ಟ ಸಾ. ಬಾಯಿಗೆ ಬಂದಂಗೆ ಆಡ್ತಾಳೆ," ಎಂದು ಪಟೇಲ ನಕ್ಕ.

ಜಮಾದಾರ ಜನರ ಕಡೆ ತಿರುಗಿದ. "ಏನ್ರಪ್ಪಾ, ಇವನು ಕಳ್ಳನಾ?"

"ಚೇ ಚೇ, ಇಲ್ಲ ಸಾ," ಎಂದ ನಂಜಪ್ಪ. ಅವನಿಗೆ ಇಬ್ಬರು ಗಂಡುಮಕ್ಕಳು. "ಅಪ್ಪಟ ಚಿನ್ನ," ಎಂದಿತು ಇನ್ನೊಂದು ದನಿ. ಕೊಡ ಒಡೆಸಿಕೊಂಡಿದ್ದ ಸಣ್ಣಕ್ಕ ಕೂಡ ಮಗನ ರಟ್ಟೆ ಹಿಡಿದುಕೊಂಡು, "ದ್ಯಾವ್ರಂಥ ಮನ್ಸ ಕಣ್ ಸಾ," ಎಂದಳು. ಈ ಊರಿನ ಬಾಯಲ್ಲಿ ಇಂಥ ಒಂದೇ ಒಂದು ಮಾತು ಕೇಳಬೇಕೆಂದು ಮುದ್ದಮ್ಮ ಎಷ್ಟು ಹಂಬಲಿಸಿದ್ದಳು! ಇವತ್ತು ಒಂದೊಂದು ಮಾತೂ ಅವನನ್ನು ದಂಡಿನ ಕಡೆಗೆ ತಳ್ಳುತ್ತಿತ್ತು.

"ದ್ಯಾವಣ್ಣ, ನೀನಾರ ಯೋಳು. ದಿನಾ ಬಂದು ಯಾಕೆ ಕೂಗ್ತೀಯ?" ಎಂದು ಅವಳು ತಳವಾರನನ್ನು ಕೇಳಿದಳು.

ದ್ಯಾವಯ್ಯ ಪಟೇಲನ ಮುಖ ನೋಡಿದ. ದೊಣ್ಣೆಯನ್ನು ಬೆನ್ನ ಹಿಂದೆ ಸರಿಸಿಕೊಂಡ.

"ನೀನೇ ಹೇಳಪ್ಪ," ಎಂದ ಜಮಾದಾರ. "ಜೈಲಿಗೆ ಹೋಗಿದ್ದೆಯಾ?"

ಚಿಕ್ಕಯ್ಯ ಹೆಂಡತಿಯ ಕಡೆ ನೋಡಲಿಲ್ಲ. ಊರೆಲ್ಲ ಕಳ್ಳ ಎಂದಾಗಲೂ ಬಗ್ಗದ ಅವನ ಕತ್ತು ಈಗ ಬಗ್ಗಿತ್ತು. "ಇಲ್ಲ ಸಾ. ಅವ್ಳು ಸುಳ್ಳು ಯೋಳ್ತಾವ್ಳೆ."

ಮಧ್ಯಾಹ್ನವೇ ಲಾರಿ ಬಂತು. ಮುದ್ದಮ್ಮ ರೊಟ್ಟಿಯ ಗಂಟನ್ನು ಮೇಲಕ್ಕೆ ಎತ್ತಿ ಕೊಟ್ಟಳು. ಅವನು ಬಗ್ಗಿ ಈಸಿಕೊಂಡು, "ನೀನೂ ಕಳ್ಳ ಅಂದ್ಬುಟ್ಯಲ್ಲೇ," ಎಂದ. ಅವಳು ಬಾಯಿ ತೆರೆಯುವ ಮೊದಲೇ ಲಾರಿ ಕದಲಿತು.

ಸಂಜೆ ದೀಪ ಹಚ್ಚಿ ಅವಳು ಹೊಸಿಲ ಒಳಗೆ ಕೂತಳು. ದೊಣ್ಣೆಯ ಸದ್ದು ಬೀದಿಯ ತುದಿಯಿಂದ ಬಂತು. ಬಾಗಿಲವರೆಗೆ ಬಂದು, ನಿಲ್ಲದೆ ಮುಂದಕ್ಕೆ ಹೋಯಿತು. ಮುದ್ದಮ್ಮ ಎದ್ದು ಹಿಂದೆಯೇ ಓಡಿದಳು.

"ಯಾಕೆ ಕೂಗ್ನಿಲ್ಲ ದ್ಯಾವಣ್ಣ?"

"ಕೂಗಾಕೆ ಅವ್ನೆಲ್ಲವ್ನೆ ತಾಯಿ?"

"ಕೂಗು."

"ಮುದ್ದವ್ವ..."

"ಕೂಗು ಅಂದೆ."

ದ್ಯಾವಯ್ಯ ಹಿಂದಕ್ಕೆ ಬಂದು ಬಾಗಿಲ ಮುಂದೆ ನಿಂತ. ದೊಣ್ಣೆ ಕುಟ್ಟಿದ. "ಚಿಕ್ಕಯ್ಯಾ, ಇದ್ದೀಯೇನ್ಲಾ?" ಎಂದ. ದನಿ ಎಂದಿನಂತೆ ಏಳಲಿಲ್ಲ.

ಒಣಗಿದ ಕಾಯನ್ನು ಗಂಡ ಕಿವಿಗೆ ಹಿಡಿಯುತ್ತಿದ್ದ ಹಾಗೆ, ಮುದ್ದಮ್ಮ ತಲೆ ವಾಲಿಸಿ, ಮನೆಯ ಕಡೆ ಕಿವಿಗೊಟ್ಟು ನಿಂತಳು.