ಸೊನ್ನೆಯ ಮೇಲೆ ಕೂತ ಮುಳ್ಳು

ಆ ಕ್ಷೌರದಂಗಡಿಗೆ ಕೂದಲು ಕತ್ತರಿಸಿಕೊಳ್ಳಲು ಬರುವವರಿಗಿಂತ ಫುಟ್‌ಬಾಲ್ ಮಾತಾಡಲು ಬರುವವರೇ ಹೆಚ್ಚು. ಗೋಡೆಯ ತುಂಬ ಕೆಂಪಂಗಿ ತಂಡದ ಫೋಟೊಗಳು, ಮೂಲೆಯಲ್ಲಿ ಟಿವಿ, ಟಿವಿಯ ಕೆಳಗೆ ಒಂದು ಉದ್ದ ಬೆಂಚು. ನೀಲಿ ತಂಡದ ಅಭಿಮಾನಿ ಯಾರಾದರೂ ದಾರಿ ತಪ್ಪಿ ಒಳಗೆ ಬಂದರೆ ಅವನ ಎರಡು ಕೆನ್ನೆಯ ಕೂದಲು ಸಮನಾಗಿರುತ್ತದೆ ಎಂಬ ಭರವಸೆ ಇರಲಿಲ್ಲ. ಕ್ಷೌರಿಕ ಒಳ್ಳೆಯವನೇ, ಆದರೆ ಕತ್ತರಿ ಹಿಡಿದ ಕೈಗೂ ಒಂದು ಪಕ್ಷ ಇರುತ್ತದಲ್ಲ.

ಈ ಅಂಗಡಿಯಲ್ಲಿ ಇಪ್ಪತ್ತು ವರ್ಷ ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂತು, ಯಾರೂ ಕಿವಿಗೆ ಹಾಕಿಕೊಳ್ಳದ ಮಾತುಗಳನ್ನು ಆಡುತ್ತ ಬಂದವನು ಮೀಟರಣ್ಣ. ಗಾಳಿ, ಹಬೆ, ಗ್ಯಾಸು ಅಳೆಯುವ ಗೇಜುಗಳನ್ನು ಪರೀಕ್ಷೆ ಮಾಡಿ, ಸರಿಯಿದ್ದರೆ ಸ್ಟಿಕ್ಕರ್ ಅಂಟಿಸಿ ಸಹಿ ಹಾಕುವುದು ಅವನ ಕೆಲಸ. ಆ ಕೆಲಸದ ಬಗ್ಗೆ ಅವನಿಗೆ ವಿಪರೀತ ಹೆಮ್ಮೆ. ಹೆಮ್ಮೆ ಪಡಲು ಬೇರೇನೂ ಇರದವರ ಹೆಮ್ಮೆ ಹೀಗೇ ಸ್ವಲ್ಪ ಗಟ್ಟಿಯಾಗಿರುತ್ತದೆ. ಬೆಂಚಿನ ಮೇಲೆ ಕೂರುವ ಹಕ್ಕು ಬಸ್ ಕಂಡಕ್ಟರನಿಗೂ ಡ್ರಾಯಿಂಗ್ ಮೇಷ್ಟ್ರಿಗೂ ಇತ್ತು. ಮೀಟರಣ್ಣನಿಗೆ ಸ್ಟೂಲೇ ಗತಿ.

ಚೆಂಡಿನ ಹಗರಣ ಬಂದ ಮೇಲೆ ಅವನ ನಸೀಬು ತಿರುಗಿತು.

ವರ್ಷದ ಕೊನೆಯ ದೊಡ್ಡ ಪಂದ್ಯ ನಡೆದದ್ದು ನೀಲಿಯವರ ಮೈದಾನದಲ್ಲಿ. ಯಾರ ಮೈದಾನವೋ ಚೆಂಡು ಅವರದ್ದು, ಅದು ನಿಯಮ. ನೀಲಿಯವರು ಒಂದು ಗೋಲಿನಿಂದ ಗೆದ್ದರು. ಚೆಂಡು ಮೆತ್ತಗಿತ್ತು, ಪುಟಿಯುತ್ತಲೇ ಇರಲಿಲ್ಲ, ನಮ್ಮ ವೇಗದ ಆಟ ಕೆಡಿಸಲು ಬೇಕಂತಲೇ ಗಾಳಿ ಬಿಟ್ಟಿದ್ದಾರೆ ಎಂದು ಕೆಂಪಂಗಿಯವರು ದೂರು ಕೊಟ್ಟರು. ದೂರು ಬಂದಾಗ ಮಾತ್ರ ಪೆಟ್ಟಿಗೆಯಿಂದ ಹೊರಬರುವ ಒಂದು ಗೇಜು ಫುಟ್‌ಬಾಲ್ ಮಂಡಳಿಯ ಹತ್ತಿರ ಇತ್ತು. ಅದನ್ನು ತಂದು ಎಂಟು ಚೆಂಡುಗಳಿಗೂ ಚುಚ್ಚಿ ನೋಡಿದರು. ನಿಯಮದಂತೆ ಗಾಳಿ ಒಂಬತ್ತು ಪೌಂಡಿಗೆ ಕಡಿಮೆ ಇರಬಾರದು. ಎಂಟಕ್ಕೆ ಎಂಟೂ ಚೆಂಡುಗಳಲ್ಲಿ ಮುಳ್ಳು ಎಂಟರ ಮೇಲೆ ನಿಂತಿತು. ಪಂದ್ಯವನ್ನು ಕೆಂಪಂಗಿಗೆ ಕೊಟ್ಟರು, ಕಪ್ಪನ್ನೂ ಕೊಟ್ಟರು. ನೀಲಿಯವರ ಚೆಂಡುಗಳಿಗೆ ಗಾಳಿ ತುಂಬಿ ಕಾಯುವವನನ್ನು ಮೈದಾನದ ಗೇಟಿನೊಳಗೆ ಇನ್ನೆಂದೂ ಕಾಲಿಡದಂತೆ ಹೊರಗೆ ಹಾಕಿದರು. ನಾನು ಹತ್ತು ಪೌಂಡು ತುಂಬಿದ್ದೆ, ಗಾಳಿ ಬಿಟ್ಟಿಲ್ಲ ಎಂದು ಆ ಮನುಷ್ಯ ಎಷ್ಟು ಸಲ ಹೇಳಿದರೂ ಮಾತು ಅಷ್ಟೇ ಇತ್ತು, ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ.

ಆ ಚೆಂಡು ಕಾಯುವವನು ಮೀಟರಣ್ಣನ ಅಕ್ಕನ ಗಂಡ.

ಟಿವಿಯಲ್ಲಿ ಗೇಜನ್ನು ಹತ್ತಿರದಿಂದ ತೋರಿಸಿದ ದಿನ ಕ್ಷೌರದಂಗಡಿಯಲ್ಲಿ ಎಲ್ಲರೂ ಟಿವಿಯತ್ತ ಬಾಗಿ ಕೂತಿದ್ದರು. ಗೇಜಿನ ಬೆನ್ನ ಮೇಲೆ ಹಸಿರು ಸ್ಟಿಕ್ಕರ್, ಸ್ಟಿಕ್ಕರ್ ಮೇಲೆ ಸೊಟ್ಟ ಸಹಿ. ಆ ಸಹಿ ನನ್ನದು ಎಂದ ಮೀಟರಣ್ಣ. ಎಲ್ಲರೂ ತಿರುಗಿ ನೋಡಿದರು. ಮೇಷ್ಟ್ರು ಸ್ವಲ್ಪ ಸರಿದು ಬೆಂಚಿನಲ್ಲಿ ಜಾಗ ಮಾಡಿದರು. ಅಷ್ಟೇ ಸಾಕಾಯಿತು ಅವನಿಗೆ.

ಅಲ್ಲಿಂದ ಮುಂದೆ ಮೂರು ತಿಂಗಳು ಅವನದ್ದೇ ದರ್ಬಾರು. ಥಂಡಿಗೆ ಚೆಂಡಿನ ಗಾಳಿ ಕುಗ್ಗುತ್ತದಂತೆ ಎಂದು ಯಾರಾದರೂ ಅನುಮಾನ ತೆಗೆದರೆ, ಥಂಡಿಗೆ ಅಷ್ಟು ಕುಗ್ಗಿದರೆ ಎಲ್ಲ ಮನೆಗಳ ಸೈಕಲ್ಲೂ ಬೆಳಗಾಗುವುದರೊಳಗೆ ಮಲಗಿರಬೇಕಿತ್ತು ಎನ್ನುತ್ತಿದ್ದ. ನೀಲಿಯವರ ಸ್ವಂತ ಗೇಜು ಹತ್ತು ತೋರಿಸಿತ್ತಲ್ಲ ಎಂದರೆ, ಕಳ್ಳನ ಮನೆಯ ತಕ್ಕಡಿ ಯಾವತ್ತಾದರೂ ಕಡಿಮೆ ತೂಗಿದೆಯಾ ಎಂದು ಕೇಳುತ್ತಿದ್ದ. ಗೇಜು ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ, ಇದು ಅವನ ಮುಕ್ತಾಯದ ಮಾತು. ಕಂಡಕ್ಟರ್ ಆ ಮಾತನ್ನು ಬಸ್ಸಿನಲ್ಲಿ ಟಿಕೆಟ್ ಜೊತೆಗೆ ಹಂಚಿದ. ಸ್ವಂತ ಭಾವನಾದರೂ ಮುಲಾಜು ನೋಡಲಿಲ್ಲ, ಗಂಡಸು ಅಂದರೆ ಇವನು ಎಂದು ಕ್ಷೌರಿಕ ಬಂದವರಿಗೆಲ್ಲ ತೋರಿಸುತ್ತಿದ್ದ. ಮೀಟರಣ್ಣ ತಲೆ ತಗ್ಗಿಸಿ ಕೂರುತ್ತಿದ್ದ. ಹೊಗಳಿಕೆಯನ್ನು ಪೂರ್ತಿ ಕೇಳಿಸಿಕೊಳ್ಳಲು ಅದು ಒಳ್ಳೆಯ ಭಂಗಿ.

ಹುಡುಗುಪಾಳ್ಯವೊಂದು ದಿನಾ ಬೆಳಿಗ್ಗೆ ಭಾವನ ಮನೆಯ ಗೇಟಿಗೆ ಗಾಳಿ ಹೋದ ಚೆಂಡೊಂದನ್ನು ಸಿಕ್ಕಿಸಿ ಹೋಗುತ್ತದೆ ಎಂಬ ಸುದ್ದಿ ಬಂದಾಗ ಅಂಗಡಿಯಲ್ಲಿ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮೀಟರಣ್ಣನೂ ನಕ್ಕ. ಅದನ್ನು ಇಲ್ಲಿ ಮುಚ್ಚಿಡುವುದರಲ್ಲಿ ಅರ್ಥವಿಲ್ಲ.

ಆ ದಿನಗಳಲ್ಲೇ ಒಮ್ಮೆ ಅಕ್ಕ ಅವನ ಕೆಲಸದ ಜಾಗಕ್ಕೆ ಬಂದಿದ್ದಳು. ಅಮ್ಮ ಹೋದ ಮೇಲೆ ಅವನನ್ನು ತಲೆಬಾಚಿ ಶಾಲೆಗೆ ಕಳಿಸಿದವಳು, ಜ್ವರ ಬಂದರೆ ಮಗ್ಗುಲಲ್ಲಿ ಕೂತವಳು. ಎಣ್ಣೆ ಮೆತ್ತಿದ ಮೇಜಿನ ಆ ಕಡೆ ನಿಂತುಕೊಂಡು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಇದ್ದಳು.

"ಗೇಜು ಒಂದೊಂದ್ಸಲ ತಪ್ಪು ತೋರಿಸಬಹುದು ಅಂತ ಒಂದು ಸಾಲು ಬರೆದುಕೊಡು," ಎಂದಳು ಕೊನೆಗೆ. "ಸುಳ್ಳಾದ್ರೂ ಪರವಾಗಿಲ್ಲ. ಇಷ್ಟು ವರ್ಷದಲ್ಲಿ ನಿನ್ನ ಹತ್ರ ನಾನೇನೂ ಕೇಳಿಲ್ಲ."

"ಕೆಲಸದ ವಿಷಯದಲ್ಲಿ ನಾನು ಸುಳ್ಳು ಹೇಳಲ್ಲ ಅಕ್ಕ," ಎಂದ ಮೀಟರಣ್ಣ. ಹೇಳುವಾಗ ಅವನ ಎದೆ ಅರ್ಧ ಅಂಗುಲ ಉಬ್ಬಿತ್ತು. ಸಂಜೆ ಅದನ್ನೂ ಕ್ಷೌರದಂಗಡಿಯಲ್ಲಿ ಹೇಳಿ ಬೆನ್ನು ತಟ್ಟಿಸಿಕೊಂಡ.

ಮೂರು ತಿಂಗಳಾದ ಮೇಲೆ, ಒಂದು ಮಂಗಳವಾರ, ಮಂಡಳಿಯ ಕಚೇರಿಯಿಂದ ಎಂದಿನ ಪರೀಕ್ಷೆಗೆ ಒಂದು ರಟ್ಟಿನ ಪೆಟ್ಟಿಗೆ ಬಂತು. ಅದರೊಳಗೆ ಐದು ಗೇಜುಗಳು. ಮೂರನೆಯದನ್ನು ತೆಗೆದಾಗ ಹಸಿರು ಸ್ಟಿಕ್ಕರ್ ಕಣ್ಣಿಗೆ ಬಿತ್ತು. ಇದೇ ಅದು. ಮೀಟರಣ್ಣ ಅದನ್ನು ಹಳೆಯ ಗೆಳೆಯನನ್ನು ನೋಡುವ ಹಾಗೆ ನೋಡಿ, ಅಂಗಿಯ ತೋಳಿನಿಂದ ಗಾಜು ಒರೆಸಿದ. ಮುಳ್ಳು ಸೊನ್ನೆಯ ಮೇಲೆ ನೆಟ್ಟಗೆ ಕೂತಿತ್ತು. ಅದನ್ನು ಪರೀಕ್ಷೆಯ ಯಂತ್ರಕ್ಕೆ ಸಿಕ್ಕಿಸಿ, ಸರಿಯಾಗಿ ಹತ್ತು ಪೌಂಡು ಗಾಳಿ ಕೊಟ್ಟ.

ಮುಳ್ಳು ಎಂಟಕ್ಕೆ ಹೋಗಿ ನಿಂತಿತು.

ಮತ್ತೆ ಕೊಟ್ಟ. ಮತ್ತೆ ಎಂಟು. ಪಕ್ಕದಲ್ಲಿ ಬೇರೆ ಗೇಜು ಹಾಕಿ ಯಂತ್ರವನ್ನೇ ಪರೀಕ್ಷಿಸಿದ. ಅದು ಹತ್ತಕ್ಕೆ ಹತ್ತು. ಸ್ಟಿಕ್ಕರ್ ಅಂಟಿಸುವುದೇ ಹಿಂದಿನ ತಿರುಪಿನ ಮೇಲೆ, ಅದು ಹರಿಯದೆ ಯಾರೂ ಒಳಗೆ ಕೈಹಾಕುವಂತಿಲ್ಲ. ಅದು ಹರಿದಿರಲಿಲ್ಲ. ತಾನೇ ಹರಿದು ತಿರುಪು ಬಿಚ್ಚಿದ. ಮುಳ್ಳು ತನ್ನ ಕಡ್ಡಿಯ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಜಾರಿತ್ತು, ಜಾರಿದ ಜಾಗದಲ್ಲಿ ಹಳೆಯ ಗ್ರೀಸು ಒಣಗಿ ಹಕ್ಕಳೆಗಟ್ಟಿತ್ತು. ಪಂದ್ಯಕ್ಕೂ ಮುಂಚಿನ ಜಾರು ಅದು. ಸೊನ್ನೆಯ ಹತ್ತಿರ ಮುಳ್ಳನ್ನು ತಡೆಯಲು ಒಂದು ಪುಟ್ಟ ಮೊಳೆ ಇರುತ್ತದೆ. ಸುಮ್ಮನಿದ್ದಾಗ ಮುಳ್ಳು ಅದಕ್ಕೆ ಒರಗಿಕೊಂಡು ಸಂಭಾವಿತನಂತೆ ಕಾಣುತ್ತದೆ. ಗಾಳಿ ಕೊಟ್ಟರೆ ಮಾತ್ರ ಅದರ ಬಣ್ಣ ಬಯಲು.

ಆ ಶನಿವಾರ ಅವನು ಗಾಳಿ ಕೊಟ್ಟಿರಲಿಲ್ಲ.

ಎಲ್ಲ ನೆನಪಾಯಿತು. ದೊಡ್ಡ ಪಂದ್ಯಕ್ಕೆ ಎಂಟು ದಿನ ಮುಂಚಿನ ಶನಿವಾರ. ಟಿಕೆಟ್ ಕಿಟಕಿ ಎರಡು ಗಂಟೆಗೆ ಮುಚ್ಚುತ್ತಿತ್ತು. ಏಳು ಗೇಜುಗಳಲ್ಲಿ ನಾಲ್ಕನ್ನು ಪರೀಕ್ಷಿಸಿ, ಉಳಿದ ಮೂರರ ಸೊನ್ನೆಯನ್ನು ಮಾತ್ರ ನೋಡಿ, ಟಪಟಪನೆ ಸ್ಟಿಕ್ಕರ್ ಅಂಟಿಸಿ, ಸಹಿ ಗೀಚಿ, ಕೈಯನ್ನೂ ತೊಳೆಯದೆ ಸರದಿಗೆ ಓಡಿದ್ದ. ಟಿಕೆಟ್ ಸಿಕ್ಕಿತ್ತು. ಗೋಲ್ ಕಂಬದ ಹಿಂದಿನ ಸಾಲಿನಲ್ಲಿ ನಿಂತು, ಭಾವ ಹತ್ತು ಪೌಂಡು ತುಂಬಿಟ್ಟ ಚೆಂಡಿನ ಆಟ ನೋಡಿದ್ದ. ಚೆಂಡು ಮೆತ್ತಗಿದೆ ಎಂದು ಎಲ್ಲರಿಗಿಂತ ಜೋರಾಗಿ ಕೂಗಿದ್ದವನೂ ಅವನೇ.

ಮುಳ್ಳನ್ನು ಸರಿ ಕೂರಿಸಿ ಹೊಸ ಸ್ಟಿಕ್ಕರ್ ಅಂಟಿಸಿದರೆ ಮುಗಿಯುತ್ತಿತ್ತು. ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಇಡೀ ಒಂದು ಹಗಲು ಅವನು ಆ ಗೇಜನ್ನು ಕೈಯಲ್ಲಿ ಹಿಡಿದು ಅದನ್ನೇ ಯೋಚಿಸಿದ ಎಂದರೆ ಅವನ ಮೇಲೆ ನಿಮಗೆ ಕೋಪ ಬರಬಹುದು, ಬರಲಿ. ಮಾರನೆಯ ದಿನ ನಡೆದದ್ದನ್ನು ನಡೆದಂತೆ ಬರೆದು ಮಂಡಳಿಗೂ ತನ್ನ ಕೆಲಸದ ಯಜಮಾನನಿಗೂ ಕೊಟ್ಟ. ಶನಿವಾರ ಎರಡೂ ಕಡೆಯಿಂದ ಉತ್ತರ ಬಂತು. ಪ್ರಕರಣ ಮುಗಿದಿದೆ, ಆರೋಪಿಯ ಸಂಬಂಧಿಕರ ಹೇಳಿಕೆಗಳನ್ನು ಪರಿಗಣಿಸುವುದಿಲ್ಲ ಎಂದು ಮಂಡಳಿ ಎರಡು ಸಾಲಿನಲ್ಲಿ ಕೈತೊಳೆದುಕೊಂಡಿತ್ತು. ಅವನ ಸಹಿಯನ್ನು ನಂಬುವಾಗ ಈ ಸಂಬಂಧ ಅವರಿಗೆ ಅಡ್ಡ ಬಂದಿರಲಿಲ್ಲ. ಯಜಮಾನ ಅವನನ್ನು ಪರೀಕ್ಷೆಯ ಮೇಜಿನಿಂದ ಎಬ್ಬಿಸಿ, ರಟ್ಟಿನ ಪೆಟ್ಟಿಗೆ ಕಟ್ಟುವ ಕೆಲಸಕ್ಕೆ ಹಾಕಿದ.

ಭಾನುವಾರ ಕ್ಷೌರದಂಗಡಿ ತುಂಬಿತ್ತು. ಮೀಟರಣ್ಣ ಬೆಂಚಿನ ಮೇಲೆ ಕೂರದೆ ನಿಂತುಕೊಂಡೇ ಹೇಳಿದ. ಜಾರಿದ ಮುಳ್ಳು, ಒಣಗಿದ ಗ್ರೀಸು, ಶನಿವಾರದ ಸರದಿ, ಯಾವುದನ್ನೂ ಬಿಡಲಿಲ್ಲ. ಚೆಂಡಿನಲ್ಲಿ ಹತ್ತೇ ಇತ್ತು, ನಾವು ಗೆದ್ದಿಲ್ಲ ಎಂದ.

ಮೊದಲು ನಕ್ಕವರು ಮೇಷ್ಟ್ರು. ಅಕ್ಕ ಮನೆಗೆ ಬಂದು ಅತ್ತಿರಬೇಕು ಎಂದರು, ತಪ್ಪಲ್ಲ, ಒಡಹುಟ್ಟಿದವಳು, ಕರುಳು ಕೇಳುತ್ತದೆಯೇ ಎಂದರು. ಮೂರು ತಿಂಗಳು ಬೇಕಾಯಿತಾ ಕರಗಲು ಎಂದು ಕ್ಷೌರಿಕ ಕನ್ನಡಿಯೊಳಗಿಂದಲೇ ಕೇಳಿದ. ಮೀಟರಣ್ಣ ಜೇಬಿನಿಂದ ಹರಿದ ಸ್ಟಿಕ್ಕರ್ ತೆಗೆದು ತೋರಿಸಿದರೆ, ಸ್ಟಿಕ್ಕರ್ ಯಾರು ಬೇಕಾದರೂ ಹರಿಯಬಹುದು ಎಂದರು. ನಿಮ್ಮ ಕಣ್ಣೆದುರೇ ಯಂತ್ರಕ್ಕೆ ಹಾಕಿ ತೋರಿಸುತ್ತೇನೆ ಎಂದರೆ, ಮುಳ್ಳನ್ನು ಹಿಂದಕ್ಕೆ ಜಾರಿಸಲು ನಿನಗಿಂತ ಚೆನ್ನಾಗಿ ಯಾರಿಗೆ ಬರುತ್ತದೆ ಎಂದರು. ಒಬ್ಬೊಬ್ಬರೂ ಅವನು ಕಲಿಸಿದ ಪಾಠವನ್ನೇ ಅವನಿಗೆ ಒಪ್ಪಿಸುತ್ತಿದ್ದರು.

ಕಂಡಕ್ಟರ್ ಮಾತ್ರ ನಗಲಿಲ್ಲ. ಅವನು ನಿಜವಾಗಿಯೂ ನೊಂದಂತಿತ್ತು.

"ಗೇಜು ಸುಳ್ಳು ಹೇಳಲ್ಲ, ಮನುಷ್ಯರು ಹೇಳ್ತಾರೆ," ಎಂದ. "ನೀನೇ ಹೇಳಿಕೊಟ್ಟಿದ್ದಲ್ವಾ ಮೀಟರಣ್ಣ. ಎಷ್ಟು ಜನಕ್ಕೆ ಹೇಳಿದೀನಿ ನಾನು ಅದನ್ನ."

ಮೀಟರಣ್ಣ ಹೊರಟಾಗ ಯಾರೋ ಕಾಲಲ್ಲಿ ಸ್ಟೂಲನ್ನು ಬಾಗಿಲಾಚೆಗೆ ಸರಿಸಿದರು. ಅವನು ಅದನ್ನು ದಾಟಿಕೊಂಡು ಬೀದಿಗಿಳಿದ.

ಅಕ್ಕನ ಮನೆಗೆ ಅವನು ಕಾಲಿಟ್ಟು ಮೂರು ತಿಂಗಳಾಗಿತ್ತು. ಗೇಟಿನ ಸರಳಿನಲ್ಲಿ ಅವತ್ತಿನ ಚೆಂಡು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿಕೊಂಡು ಹಿತ್ತಲ ಕಡೆಯಿಂದ ಹೋದ. ಅಲ್ಲಿ ಭಾವ ಮೋಟು ಕುರ್ಚಿಯ ಮೇಲೆ ಕೂತು ಇನ್ನೊಂದು ಚೆಂಡಿಗೆ ತೇಪೆ ಹಾಕುತ್ತಿದ್ದ. ಗೋಡೆಗೆ ಒತ್ತಿ ಎಂಬತ್ತು ತೊಂಬತ್ತು ಚೆಂಡುಗಳು, ಎಲ್ಲವಕ್ಕೂ ತೇಪೆ, ಎಲ್ಲವೂ ಗಾಳಿ ತುಂಬಿ ಬಿಗಿಯಾಗಿ ಸಾಲಾಗಿ ಇದ್ದವು. ಹತ್ತೊಂಬತ್ತು ವರ್ಷ ಚೆಂಡು ಕಾಯ್ದವನಿಗೆ ಗಾಳಿ ಇಲ್ಲದ ಚೆಂಡನ್ನು ಹಾಗೇ ಬಿಡಲು ಕೈ ಬರುತ್ತಿರಲಿಲ್ಲ. ಮೀಟರಣ್ಣನ ಕೈಯಲ್ಲಿದ್ದದ್ದನ್ನೂ ಈಸಿಕೊಂಡು ಪಕ್ಕಕ್ಕಿಟ್ಟ. ತೇಪೆ ಹಾಕಿದ್ದಕ್ಕೆ ಪಂಪು ಸಿಕ್ಕಿಸಿ ಗಾಳಿ ಹೊಡೆಯತೊಡಗಿದ.

ಅಷ್ಟರಲ್ಲಿ ಅಕ್ಕ ತಮ್ಮನನ್ನು ಅಡುಗೆಮನೆಗೆ ಕರೆದಳು. ಕ್ಷೌರದಂಗಡಿಯ ಸುದ್ದಿ ಅವನಿಗಿಂತ ಮುಂಚೆಯೇ ಮನೆ ತಲುಪಿತ್ತು. ಅವಳ ಕಣ್ಣು ತುಂಬಿತ್ತು. ಅವನು ಬಾಯಿ ತೆರೆಯುವುದರೊಳಗೆ ಅವನ ಎರಡೂ ಕೈ ಹಿಡಿದುಕೊಂಡಳು.

"ಕೆಲಸದ ವಿಷಯದಲ್ಲಿ ಸುಳ್ಳು ಹೇಳಲ್ಲ ಅಂದಿದ್ದೆ," ಎಂದಳು. "ನನಗೋಸ್ಕರ ಹೇಳಿಬಿಟ್ಟೆಯಲ್ಲ. ನಿನ್ನ ಕೆಲಸಕ್ಕೂ ಕುತ್ತು ತಂದ್ಕೊಂಡೆ. ನಿನ್ನ ಭಾವ ಮಾಡಿದ ತಪ್ಪನ್ನ ನಿನ್ನ ತಲೆ ಮೇಲೆ ಹಾಕ್ಕೊಂಡೆ. ಈ ಋಣ ನಾನು ಹೇಗೆ ತೀರಿಸಲಿ?"

ಹೊರಗೆ ಪಂಪಿನ ಸದ್ದು ನಿಂತಿತು.

"ಅಕ್ಕ, ಸುಳ್ಳಲ್ಲ," ಎಂದ ಮೀಟರಣ್ಣ. "ಗೇಜೇ ತಪ್ಪಿತ್ತು. ನಾನು ನೋಡಿರಲಿಲ್ಲ."

ಅವಳು ಇರಲಿ ಬಿಡು ಎಂಬಂತೆ ಅವನ ಕೈಯನ್ನು ಇನ್ನಷ್ಟು ಒತ್ತಿದಳು. ಆಗ ಬಾಗಿಲಲ್ಲಿ ಭಾವ ನಿಂತಿದ್ದು ಇಬ್ಬರಿಗೂ ಕಾಣಿಸಿತು. ಪಂಪು ಇನ್ನೂ ಅವನ ಕೈಯಲ್ಲೇ ಇತ್ತು. ಎಷ್ಟು ಕೇಳಿಸಿಕೊಂಡಿದ್ದಾನೆ ಎಂದು ಕೇಳುವ ಅಗತ್ಯವಿರಲಿಲ್ಲ.

"ಒಂದು ಗೇಜು ಪರೀಕ್ಷೆ ಮಾಡೋಕೆ ಎಷ್ಟು ಹೊತ್ತು ಬೇಕು?" ಎಂದು ಮೀಟರಣ್ಣನನ್ನು ಕೇಳಿದ.

"ಎರಡು ನಿಮಿಷ, ಭಾವ."

ಭಾವ ತಲೆದೂಗಿದ. ಆಮೇಲೆ ಹೆಂಡತಿಯ ಕಡೆ ತಿರುಗಿದ. ದನಿ ಎತ್ತರವಾಗಲಿಲ್ಲ.

"ಇವನಿಗೆ ಎರಡು ನಿಮಿಷ ಇರಲಿಲ್ಲ. ನನ್ನನ್ನ ನೋಡೋಕೆ ನಿನಗೆ ಇಪ್ಪತ್ತೆರಡು ವರ್ಷ ಇತ್ತು."

ಅಷ್ಟು ಹೇಳಿ ಹಿತ್ತಲಿಗೆ ಹೋದ. ಸ್ವಲ್ಪ ಹೊತ್ತಿಗೆ ಪಂಪಿನ ಸದ್ದು ಮತ್ತೆ ಶುರುವಾಯಿತು, ಅದೇ ಲಯ, ಅದೇ ನಿಧಾನ.

ಅಕ್ಕ ತಮ್ಮನ ಕೈ ಬಿಟ್ಟಳು. ಅವನ ಮುಖ ನೋಡಿದಳು. ಗೇಜು ತಪ್ಪಿತ್ತು ಅಂದದ್ದು ಸುಳ್ಳು ಅಂದುಬಿಡು ಎಂದು ಬೇಡುತ್ತಿದ್ದವು ಅವಳ ಕಣ್ಣು. ಆ ಒಂದು ಮಾತು ಸುಳ್ಳಾದರೆ ಮಾತ್ರ ಅವಳಿಗೆ ಹಿತ್ತಲಿನಲ್ಲಿ ಕೂತವನ ಮುಖ ನೋಡಲು ಸಾಧ್ಯವಿತ್ತು. ಇಷ್ಟು ವರ್ಷದಲ್ಲಿ ಅಕ್ಕ ಅವನಿಂದ ಎರಡೇ ಸಲ ಏನಾದರೂ ಕೇಳಿದ್ದು, ಎರಡು ಸಲವೂ ಒಂದು ಸುಳ್ಳು. ಮೀಟರಣ್ಣ ತಲೆ ತಗ್ಗಿಸಿಕೊಂಡು ನಿಂತೇ ಇದ್ದ.