ಗೆದ್ದ ಕಾರಿನ ಮುಂದಿನ ಸೀಟು

ಭಾರತಮ್ಮನ ಮೂಗುಬೊಟ್ಟು ನನಗೆ ಬೇಕಿರಲಿಲ್ಲ, ಅವಳ ರೇಷ್ಮೆ ಸೀರೆಯೂ ಬೇಕಿರಲಿಲ್ಲ. ನನ್ನ ಹೊಟ್ಟೆ ಉರಿಯುತ್ತಿದ್ದುದು ಅವಳು ಕೂರುತ್ತಿದ್ದ ಜಾಗ ನೋಡಿ. ವರ್ಷಕ್ಕೊಂದು ಸಲ, ಯುಗಾದಿ ಕಳೆದ ಮೊದಲ ಭಾನುವಾರ, ಅವಳು ಗಂಡನ ಕಾರಿನ ಮುಂದಿನ ಸೀಟಿನಲ್ಲಿ ಕೂತು ಸುಗಟೂರಿನ ಬೀದಿ ಬೀದಿ ಸುತ್ತುತ್ತಿದ್ದಳು. ಆ ಹೊತ್ತಿಗೆ ನಾನು ನಮ್ಮ ಮನೆ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತಿರಬೇಕಾಗಿತ್ತು. ಮುಖದ ಮೇಲೆ ನಗು ಬೇರೆ ಇಟ್ಟುಕೊಂಡಿರಬೇಕಾಗಿತ್ತು.

ನಮ್ಮೂರಿನ ಕಾರ್ ರೇಸ್ ಶುರುವಾದದ್ದು ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಟ್ಯಾಕ್ಸಿ ನಿಲ್ಲಿಸಿಕೊಳ್ಳುತ್ತಿದ್ದ ಡ್ರೈವರುಗಳು, ಯಾರ ಗಾಡಿ ಮುಂದು ಎಂದು ದಿನಾ ಕಿತ್ತಾಡುತ್ತಿದ್ದರು. ಆ ವರ್ಷ ನಮ್ಮ ಕೆರೆ ಒಣಗಿ ಅಂಗಳ ಕಲ್ಲಿನಂತೆ ಗಟ್ಟಿಯಾಗಿತ್ತು. ಅಲ್ಲಿಗೇ ಬಂದು ಇತ್ಯರ್ಥ ಮಾಡಿಕೊಂಡರು. ನಾಲ್ಕು ಮೂಲೆಗೆ ನಾಲ್ಕು ಟಾರ್ ಡ್ರಮ್ ನಿಲ್ಲಿಸಿ, ಅದರ ಸುತ್ತ ಓಡಿಸುವುದು. ಬಾಡಿಗೆಗೆ ಓಡುವ ಕಾರನ್ನೇ ತರಬೇಕು. ಸೀಟಾಗಲಿ ಬಾಗಿಲಾಗಲಿ ಕಳಚುವಂತಿಲ್ಲ. ಮುಂದಿನ ವರ್ಷದಿಂದ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದ ಟ್ಯಾಕ್ಸಿಗಳೂ ಬಂದವು. ಕೆರೆ ಕಟ್ಟೆಯ ಉದ್ದಕ್ಕೂ ಜನ. ವೇಮಗಲ್ಲಿನಿಂದ, ಲಕ್ಕೂರಿನಿಂದ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು.

ಗೆದ್ದವನು ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಊರು ಸುತ್ತಬೇಕು, ಮನೆಮನೆಯವರೂ ಕಾರಿಗೆ ಆರತಿ ಎತ್ತಬೇಕು, ಹಾಗೊಂದು ಪದ್ಧತಿ ಬೆಳೆದುಬಂತು. ಆ ವರ್ಷದ ಮದುವೆಗಳಿಗೆ ಹೆಣ್ಣು ಗಂಡಿನ ಮೆರವಣಿಗೆಗೂ ಅದೇ ಕಾರನ್ನು ಕೇಳುತ್ತಿದ್ದರು.

ಗೆಲ್ಲುತ್ತಿದ್ದವನು ಯಾವಾಗಲೂ ಭಾರತಮ್ಮನ ಗಂಡ ಕೋದಂಡರಾಮಪ್ಪ. ಅವನ ಹಿಂದೆ ಎರಡನೆಯವರಾಗಿ ಬರುತ್ತಿದ್ದವರು ನಮ್ಮ ಯಜಮಾನರು, ಆಂಜಿನಪ್ಪ. ಇಬ್ಬರದೂ ಅಂಬಾಸಿಡರ್. ಸೋತು ಬಂದವರು ಮನೆಯಲ್ಲಿ ಸ್ವಲ್ಪವಾದರೂ ಸಿಡಿಮಿಡಿಗೊಳ್ಳಬೇಕೋ ಬೇಡವೋ? ಇವರು ಕೈಕಾಲು ತೊಳೆದು ಮುದ್ದೆಗೆ ಕೂರುತ್ತಿದ್ದರು.

“ಎರಡನೆಯವನಾದ್ರೆ ಒಳ್ಳೇದೇ ಕಣೇ. ಒಬ್ಬನ ಧೂಳು ಮಾತ್ರ ತಿಂದ್ರೆ ಸಾಕು,” ಅನ್ನುತ್ತಿದ್ದರು.

ಅವರ ಪಾಲಿನ ಉರಿಯನ್ನೂ ನಾನೇ ಉರಿಯಬೇಕಾಗಿತ್ತು. ಕಾರುಗಳು ಅಷ್ಟು ಸದ್ದು ಮಾಡಿಕೊಂಡು ಸುತ್ತುವಾಗಲೂ ನನ್ನ ಕಣ್ಣು ಕಟ್ಟೆಯ ಮೇಲಿನ ಹೊಂಗೆ ಮರದ ಕಡೆಗೇ. ಭಾರತಮ್ಮ ಅದರ ನೆರಳಲ್ಲಿ ಕೂತು ಹೂ ಕಟ್ಟುತ್ತಿದ್ದಳು. ರೇಸ್ ಇನ್ನೂ ಅರ್ಧ ಆಗಿರುವಾಗಲೇ ತನ್ನ ಗಂಡನ ಕಾರಿಗೆ ಹಾರ! ಒಂದು ಸಲವಾದರೂ ಅವಳ ಕೈ ನಿಲ್ಲಲಿ, ಒಂದು ಸಲವಾದರೂ ಅವಳು ಎದ್ದು ನಿಂತು ಕೆರೆಯ ಕಡೆ ಕತ್ತು ಚಾಚಲಿ ಎಂದು ನಾನು ಕಾಯುತ್ತಿದ್ದೆ. ಅವಳು ದಾರ ಹಲ್ಲಿನಲ್ಲಿ ಕಡಿದು, ಸೆರಗು ಕೊಡವಿ, ಹಾರ ಎತ್ತಿಕೊಂಡು ಇಳಿದು ಹೋಗುತ್ತಿದ್ದಳು.

ಎಂಬತ್ತರ ಈಚೆಗೆ ಜನ ಕಡಿಮೆಯಾಗತೊಡಗಿದರು. ಮಾಲೂರಿನವರು ಬರುವುದು ಬಿಟ್ಟರು. ಮುಳಬಾಗಿಲಿನವನು ಕಾರು ಮಾರಿ ಟೊಮೇಟೊ ಹೊರುವ ಟೆಂಪೋ ತೆಗೆದುಕೊಂಡ. ಬೀದಿಗೆರಡು ಮೊಪೆಡ್ ಬಂದ ಮೇಲೆ, ಗಾಡಿ ಓಡುವುದನ್ನು ನೋಡಲು ಕೆರೆಯವರೆಗೆ ಯಾಕೆ ಹೋಗಬೇಕು ಎಂದು ಹುಡುಗರೇ ಕೇಳುತ್ತಿದ್ದರು. ಆಮೇಲೆ ಕೋದಂಡರಾಮಪ್ಪನ ಮನೆಗೆ ಟೀವಿ ಬಂತು. ತೊಂಬತ್ತರಲ್ಲಿ ಭಾನುವಾರ ಬೆಳಗ್ಗೆ ಅದರಲ್ಲಿ ದೇವರ ಕತೆ ಬರುತ್ತಿತ್ತು. ಊರಿಗೆ ಊರೇ ಸ್ನಾನ ಮಾಡಿಕೊಂಡು ಆ ಮನೆಗೆ ಹೋಗುತ್ತಿತ್ತು. ಭಾರತಮ್ಮ ಟೀವಿಗೂ ಹಾರ ಹಾಕಿ ಕರ್ಪೂರ ಹಚ್ಚುತ್ತಿದ್ದಳು. ಹಾರ ಹಾಕಲು ಅವಳಿಗೆ ಏನಾದರೊಂದು ಬೇಕೇ ಬೇಕು, ಅದು ಅವಳ ಮನೆಯದೇ ಆಗಿರಬೇಕು.

ಆ ವರ್ಷ ಇವರು ನಮ್ಮ ಕಾರಿನ ಇಂಜಿನ್ ಬಿಚ್ಚಿಸಿ ಹೊಸದರಂತೆ ಮಾಡಿಸಿದ್ದರು. ಕೋದಂಡರಾಮಪ್ಪನದು ಸ್ಟಾರ್ಟ್ ಮಾಡಿದರೆ ಬೀದಿಯೆಲ್ಲಾ ಹೊಗೆ. ಹಬ್ಬದ ಮಾರನೆಯ ದಿನ ಊಟಕ್ಕೆ ಕೂತವರು, ಎಂದೂ ಹೇಳದ ಮಾತು ಹೇಳಿದರು.

“ಈ ಸಲ ಆಗಬಹುದು ಶ್ಯಾಮಲ.”

ನನ್ನ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು.

“ಕೊನೇ ಸುತ್ತು, ಕೊನೇ ಡ್ರಮ್ ಹತ್ರ ನೋಡ್ತಿರು. ಅವನು ಅಲ್ಲಿ ತಿರುವು ಅಗಲ ತಗೋತಾನೆ. ಒಳಗಡೆಯಿಂದ ನುಗ್ಗಿಬಿಡ್ತೀನಿ. ಬೇರೆ ಯಾರೂ ನೋಡದಿದ್ರೂ ನೀನು ನೋಡು.”

“ಬೇರೆ ಯಾರೂ ಯಾಕೆ ನೋಡಲ್ಲ? ನಾನು ಕರ್ಕೊಂಡ್ ಬರ್ತೀನಿ,” ಅಂದೆ.

ಕುಂಕುಮದ ಬಟ್ಟಲು ಹಿಡಿದು, ಮದುವೆಗೆ ಕರೆದಂತೆ ಮನೆಮನೆಗೆ ಹೋದೆ. ಎಲ್ಲರೂ ಹಣೆಗೆ ಇಟ್ಟುಕೊಂಡು, ಬರ್ತೀವಿ ಕಣಮ್ಮ ಅಂದರು. ಕೊನೆಗೆ ಭಾರತಮ್ಮನ ಮನೆ. ನನಗೆ ಮುಖ್ಯವಾಗಿ ಬೇಕಾಗಿದ್ದವಳು ಅವಳೇ.

“ಅಷ್ಟೊತ್ತಿಗೆ ಟೀವೀಲಿ ಬರುತ್ತಲ್ಲೇ,” ಅಂದಳು. “ರೇಸ್ ಮಧ್ಯಾಹ್ನಕ್ಕೆ ಇಟ್ಕೊಳ್ಳೋಕೆ ಹೇಳಬಾರ್ದಾ?”

“ಬಿಸಿಲೇರಿದ್ರೆ ಇಂಜಿನ್ ಕುದಿಯುತ್ತೆ ಅಕ್ಕಾ, ನಿಂಗೊತ್ತಿಲ್ವಾ?”

“ಅದೆಲ್ಲ ನಂಗೇನ್ ಗೊತ್ತು. ಆಗಲಿ, ಬರೋಕೆ ನೋಡ್ತೀನಿ.”

ಅಷ್ಟು ವರ್ಷ ಆ ಸೀಟಿನಲ್ಲಿ ಕೂತವಳಿಗೆ ಇಂಜಿನ್ ಕುದಿಯುವುದೂ ಗೊತ್ತಿಲ್ಲವಂತೆ. ಮನೆಗೆ ಬರುವವರೆಗೂ ನನ್ನ ಹಲ್ಲು ಕಡಿಯುವುದು ನಿಲ್ಲಲಿಲ್ಲ.

ಭಾನುವಾರ ಬೆಳಗ್ಗೆ ದೇವರಿಗೆ ದೀಪ ಹಚ್ಚಿ, ಇವತ್ತೊಂದು ದಿನ ಊರಿನ ಕರೆಂಟ್ ಹೋಗಲಿ ಎಂದು ಬೇಡಿಕೊಂಡೆ. ದೇವರ ಕತೆ ನಿಲ್ಲಿಸು ಎಂದು ದೇವರನ್ನೇ ಕೇಳಿದೆನಲ್ಲ, ಅವನು ಯಾಕೆ ಕೊಟ್ಟಾನು? ಧಾರೆ ಸೀರೆ ಉಟ್ಟು, ಕನಕಾಂಬರದ ಹಾರ ಎತ್ತಿಕೊಂಡು ಕಟ್ಟೆಗೆ ಹೋದರೆ, ಅಲ್ಲಿದ್ದವಳು ಹುರಿದ ಕಡಲೆಕಾಯಿ ಮಾರುವ ಬಚ್ಚಮ್ಮ ಒಬ್ಬಳೇ. ಮೊದಲ ವರ್ಷದಿಂದಲೂ ಅವಳದು ಅದೇ ಜಾಗ, ಅದೇ ಕುಕ್ಕೆ.

“ಏಮಮ್ಮಾ, ಜನ ಎಲ್ಲಿ?” ಅಂದೆ.

“ಜನ ಯಾಕೆ? ನೀನು ಬಂದಿದ್ದೀಯ, ನಾನು ಬಂದಿದ್ದೀನಿ. ಕೂತ್ಕೋ,” ಎಂದು ಒಂದು ಹಿಡಿ ಕಡಲೆಕಾಯಿ ಕೊಟ್ಟಳು.

ಕೆರೆಯೊಳಗೆ ಕಾರುಗಳೂ ಎರಡೇ. ಕೋದಂಡರಾಮಪ್ಪ ಖಾಲಿ ಕಟ್ಟೆ ನೋಡಿ ನಕ್ಕ. “ನಡಿ ಆಂಜಿನಪ್ಪ, ನಮಗ್ ನಾವೇ,” ಅಂದ. ಹೊರಟರು.

ನಾನು ಹೊಂಗೆ ಮರದ ಕಡೆ ನೋಡಿದೆ, ನೆರಳು ಖಾಲಿ. ಊರಿನ ದಾರಿ ನೋಡಿದೆ. ದೂರದಲ್ಲಿ ಬಣ್ಣದ ಸೀರೆಯೊಂದು ಬಂದಂತಾಯಿತು, ಅದು ಯಾರದೋ ಬೇಲಿಯ ಮೇಲೆ ಒಣಹಾಕಿದ ಬಟ್ಟೆ. ಬಂದೇ ಬರುತ್ತಾಳೆ, ಗಂಡನ ರೇಸ್ ಬಿಟ್ಟು ಇರುತ್ತಾಳಾ, ಇನ್ನೊಂದು ಗಳಿಗೆಗೆ ಬರುತ್ತಾಳೆ ಎಂದು ದಾರಿಯನ್ನೇ ನೋಡುತ್ತಿದ್ದೆ. ಅವಳ ಕಣ್ಣೆದುರಿಗೆ ಆಗದಿದ್ದರೆ ಗೆದ್ದು ಏನು ಸುಖ?

ಬಚ್ಚಮ್ಮ ಕುಕ್ಕೆ ಉರುಳಿಸಿಕೊಂಡು ಎದ್ದು ನಿಂತು ಕೂಗಿದಳು. ನಾನು ತಿರುಗುವ ಹೊತ್ತಿಗೆ ಕೊನೆಯ ಡ್ರಮ್ಮಿನ ಸುತ್ತ ಬರೀ ಧೂಳು. ಧೂಳಿನೊಳಗಿಂದ ನಮ್ಮ ಕಾರು ಮುಂದೆ ಬಂತು, ಅವನದು ಹಿಂದೆ.

ಗೆದ್ದಿದ್ದರು! ನಾನು ಕಟ್ಟೆ ಇಳಿದು ಓಡಿದೆ. ಇವರು ಇಳಿದು ಬಾನೆಟ್ಟಿಗೆ ಒರಗಿ ನಿಂತಿದ್ದರು. ರೆಪ್ಪೆಯವರೆಗೂ ಧೂಳು, ನಡುವೆ ಮದುಮಗನ ನಗು.

“ನೋಡಿದ್ಯಾ?”

“ನೋಡ್ದೆ ನೋಡ್ದೆ. ಹತ್ತಿ, ಹೊರಡೋಣ.”

“ಕೊನೇ ಡ್ರಮ್ ಹತ್ರ?”

“ಅದನ್ನೇ ಅಲ್ವಾ ನೋಡ್ತಿದ್ದಿದ್ದು. ನೀವು ಹೇಳ್ದಂಗೇ, ಒಳಗಡೆಯಿಂದ ನುಗ್ಗಿದ್ರಿ.”

ಅವರು ತಲೆ ಬಗ್ಗಿಸಿ ಅಂಗಿಯ ಧೂಳು ಕೊಡವಿದರು. ಹಿಂದೆಯೇ ಏದುಸಿರು ಬಿಡುತ್ತಾ ಬಂದ ಬಚ್ಚಮ್ಮ ಅಂದಳು, “ಹೊರಗಿಂದ ಬಂದ್ಯಲ್ಲಪ್ಪಾ, ಒಂದು ಚಕ್ರ ಕಟ್ಟೆ ಮೇಲೆ ಹತ್ತಿಬಿಡ್ತು. ಉರುಳ್ಕೊಳ್ತಾನೆ ಅಂತ ನನ್ನ ಜೀವಾನೇ ಹೋಗಿತ್ತು.”

“ಒಳಗೆ ಅವನು ಜಾಗ ಕೊಡ್ಲಿಲ್ಲ ಬಚ್ಚಮ್ಮ,” ಅಂದರು ಇವರು, ನನ್ನ ಮುಖ ನೋಡದೆ.

ನನಗೆ ಅದನ್ನೆಲ್ಲ ಕೇಳಲು ಪುರಸೊತ್ತಿರಲಿಲ್ಲ. ಹಾರ ಕಟ್ಟಿ ಮುಂದಿನ ಸೀಟಿನಲ್ಲಿ ಕೂತೆ. ಊರೊಳಗೆ ಬಂದರೆ ಬೀದಿಯಲ್ಲಿ ನರಪಿಳ್ಳೆ ಇಲ್ಲ, ಮನೆಗಳಿಗೆಲ್ಲ ಚಿಲಕ. ಒಂದು ಬಾಗಿಲಿನಿಂದಲೂ ಆರತಿ ಬರಲಿಲ್ಲ.

“ಭಾರತಮ್ಮನ ಮನೆ ಮುಂದೆ ನಿಲ್ಸಿ. ಹಾರನ್ ಹೊಡೀರಿ,” ಅಂದೆ.

“ಮೊದ್ಲು ಸುತ್ತು ಮುಗಿಸೋಣ ಕಣೇ.”

“ನಿಲ್ಸಿ ಅಂದ್ನಲ್ಲ.”

ನಿಲ್ಲಿಸಿದರು. ಹಾರನ್ ಕೇಳಿ ಭಾರತಮ್ಮ ಬಾಗಿಲಿಗೆ ಬಂದಳು. ನಾನು ಸೀಟಿನಲ್ಲಿ ನೆಟ್ಟಗೆ ಕೂತು ಅವಳ ಮುಖವನ್ನೇ ನೋಡಿದೆ. ಅವಳು ಹಾರ ನೋಡಿದಳು, ನನ್ನನ್ನು ನೋಡಿದಳು, ಮುಖ ಅರಳಿತು.

“ಅಣ್ಣ ಗೆದ್ರಾ? ಸಂತೋಷ ಕಣೇ ಶ್ಯಾಮಲ. ಇದೊಂದು ಮುಗೀಲಿ, ಎಲ್ಲರೂ ಸೇರಿ ಆರತಿ ಎತ್ತೋಣ. ಬಾ ಒಳಗೆ, ರಥಗಳು ಎದುರುಬದುರು ಬಂದವೆ.”

ಮೂಗಿನ ತುದಿಯಲ್ಲಾದರೂ ಒಂದಿಷ್ಟು ಉರಿ ಕಾಣಲಿ ಎಂದು ಹುಡುಕಿದೆ. ಇರಲಿಲ್ಲ. ಹಾಗೆ ಸಂತೋಷಪಡಲು ಅವಳಿಗೆ ಏನು ಹಕ್ಕು? ಎಲ್ಲರ ಎದುರಿಗೆ ನನ್ನ ಬಾಯಿಂದಲೇ ಇನ್ನೊಂದು ಸಲ ಹೇಳಿ, ಅವಳ ಮುಖ ಬಾಡುವುದನ್ನು ನೋಡಿಯೇ ಬಿಡೋಣವೆಂದು ಕಾರಿನಿಂದ ಇಳಿದೆ.

“ಶ್ಯಾಮಲ, ಸುತ್ತು ಇನ್ನೂ ಬಾಕಿ ಇದೆ,” ಎಂದು ಹಿಂದಿನಿಂದ ಇವರು ಕರೆದರು.

“ಬಂದೆ ಇರಿ,” ಅಂದೆ.

ಒಳಗೆ ಕಾಲಿಡಲು ಜಾಗವಿರಲಿಲ್ಲ. ನನ್ನ ಕೈಯಿಂದ ಕುಂಕುಮ ಇಟ್ಟುಕೊಂಡವರೆಲ್ಲ ಅಲ್ಲೇ ಇದ್ದರು. ಬಾಯಿ ತೆರೆದರೆ, ಶ್ ಅಂದರು. ಭಾರತಮ್ಮ ತನ್ನ ಪಕ್ಕದಲ್ಲಿ ಚಾಪೆಯ ಮೇಲೆ ಜಾಗ ಬಿಟ್ಟಳು. ಕೂತೆ. ಟೀವಿಯಲ್ಲಿ ಎರಡು ರಥ ಓಡುತ್ತಿದ್ದವು, ಮನೆ ತುಂಬಾ ಜನ ಉಸಿರು ಬಿಗಿಹಿಡಿದಿದ್ದರು. ಇಂಥದ್ದೊಂದು ನಮ್ಮ ಮನೆಗೂ ಬರಬೇಕು, ಇದಕ್ಕಿಂತ ದೊಡ್ಡದು ಬರಬೇಕು, ಭಾರತಮ್ಮ ಬಂದು ನಮ್ಮ ಚಾಪೆಯ ಮೇಲೆ ಕೂರಬೇಕು ಎಂದು ಯೋಚಿಸುತ್ತಾ ಕೊನೆಯವರೆಗೂ ಕೂತುಬಿಟ್ಟೆ.

ಕತೆ ಮುಗಿದು ಎಲ್ಲರೂ ಎದ್ದರು. ಆಗ ಹೊರಗೆ ಬಂದು ನೋಡಿದರೆ ನಮ್ಮ ಕಾರು ಇರಲಿಲ್ಲ. ಕೋದಂಡರಾಮಪ್ಪ ಜಗಲಿಯ ಮೇಲೆ ಕೂತು ನೀರು ಕುಡಿಯುತ್ತಿದ್ದ.

“ಸುತ್ತಿಗೆ ಹೋದ. ಅರ್ಧಕ್ಕೆ ಬಿಡಬಾರ್ದಲ್ಲ,” ಅಂದ.

ಅಷ್ಟರಲ್ಲಿ ಮೇಲಿನ ಬೀದಿಯ ತಿರುವಿನಲ್ಲಿ ಹಾರನ್ ಕೇಳಿಸಿತು. ಟೀವಿ ಬಿಟ್ಟು ಬಂದ ಜನವೆಲ್ಲ ಬೀದಿಯ ಎರಡೂ ಕಡೆ ನಿಂತರು. ಬಹಳ ವರ್ಷಗಳ ಮೇಲೆ ಅಷ್ಟು ಜನ ಸೇರಿದ್ದರು. ನಮ್ಮ ಕಾರು ನಿಧಾನವಾಗಿ ಬಂತು. ಮುಂದಿನ ಸೀಟಿನಲ್ಲಿ, ನನ್ನ ಕನಕಾಂಬರದ ಹಾರದ ಹಿಂದೆ, ಕುಕ್ಕೆಯನ್ನು ತೊಡೆಯ ಮೇಲಿಟ್ಟುಕೊಂಡು ಬಚ್ಚಮ್ಮ ಕೂತಿದ್ದಳು. ಕಿಟಕಿಯಿಂದ ಮಕ್ಕಳಿಗೆ ಕಡಲೆಕಾಯಿ ಎಸೆಯುತ್ತಾ, ಕಟ್ಟೆಯ ಮೇಲೆ ಚಕ್ರ ಹತ್ತಿದ್ದನ್ನು ಕೈಯಾಡಿಸಿ ಹೇಳುತ್ತಿದ್ದಳು. ಇವರು ಸ್ಟೀರಿಂಗ್ ಹಿಡಿದು ಅವಳ ಮಾತು ಕೇಳುತ್ತಾ ನಗುತ್ತಿದ್ದರು. ಹಾಗೆ ನಗುವುದನ್ನು ನಾನು ಮನೆಯಲ್ಲಿ ಕಂಡಿರಲಿಲ್ಲ.

ಕಿಟಕಿಯ ಹತ್ತಿರ ಹೋದೆ. ನಾನು ಕೇಳುವ ಮೊದಲೇ ಇವರು ಮೆಲ್ಲಗೆ ಹೇಳಿದರು.

“ನೋಡಿದೋಳು ಅವಳೊಬ್ಳೇ ಕಣೇ.”

ಭಾರತಮ್ಮ ಆರತಿ ತಟ್ಟೆ ತಂದು ನನ್ನ ಕೈಗೆ ಕೊಟ್ಟಳು. “ನಿಮ್ಮ ಕಾರು, ಮೊದಲು ನೀನೇ ಎತ್ತು,” ಅಂದಳು. ಊರೆಲ್ಲ ನೋಡುತ್ತಿತ್ತು. ಬಚ್ಚಮ್ಮನ ಮುಂದೆ ತಟ್ಟೆ ಎತ್ತಿದೆ. ಭಾರತಮ್ಮನನ್ನು ನೋಡಿ ಅಷ್ಟು ವರ್ಷ ಉರಿದ ಹೊಟ್ಟೆ, ಆವತ್ತು ಉರಿದಂತೆ ಎಂದೂ ಉರಿದಿರಲಿಲ್ಲ.